ಮೆಕ್ಸಿಕೊ 1968: ಎತ್ತಿದ ಮುಷ್ಟಿಯ ಹಿಂದಿನ ಬೇಡಿಕೆಗಳು

ಪರೀಕ್ಷೆಯಲ್ಲಿ ಕ್ರೀಡಾಪಟುಗಳ ಪ್ರತಿಭಟನೆಯ ಬಗ್ಗೆ ಕೇಳಿದ ಕೂಡಲೇ ನಾವೆಲ್ಲ ಬರೆಯುವ ಸಾಲು ಒಂದೇ: 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪದಕ ವೇದಿಕೆಯ ಮೇಲೆ ಕಪ್ಪು ಕೈಗವಸಿನ ಮುಷ್ಟಿ ಎತ್ತಿದರು. ಇಷ್ಟಕ್ಕೇ ನಿಲ್ಲಿಸಿದರೆ ಅದು ಆ ಹೊತ್ತಿನ ಆವೇಶದಂತೆ ಕಾಣುತ್ತದೆ. ಆದರೆ ತಯಾರಿ ಹಿಂದಿನ ವರ್ಷವೇ ಶುರುವಾಗಿತ್ತು.

1967ರಲ್ಲಿ ಅಮೆರಿಕದ ಸ್ಯಾನ್ ಹೋಸೆ ಸ್ಟೇಟ್ ಕಾಲೇಜಿನ ಸಮಾಜಶಾಸ್ತ್ರ ಅಧ್ಯಾಪಕ ಹ್ಯಾರಿ ಎಡ್ವರ್ಡ್ಸ್ 'ಒಲಿಂಪಿಕ್ ಪ್ರಾಜೆಕ್ಟ್ ಫಾರ್ ಹ್ಯೂಮನ್ ರೈಟ್ಸ್' ಎಂಬ ಸಂಘಟನೆ ಕಟ್ಟಿದರು. ಅಮೆರಿಕದ ಕಪ್ಪು ಕ್ರೀಡಾಪಟುಗಳು ಒಲಿಂಪಿಕ್ಸನ್ನೇ ಬಹಿಷ್ಕರಿಸಬೇಕು ಎಂಬುದು ಮೂಲ ಯೋಜನೆ. ಬೇಡಿಕೆಗಳನ್ನು ನೆನಪಿಡಿ: ವರ್ಣಭೇದದ ದಕ್ಷಿಣ ಆಫ್ರಿಕಾ ಮತ್ತು ರೊಡೇಷಿಯಾವನ್ನು (ಇಂದಿನ ಜಿಂಬಾಬ್ವೆ) ಹೊರಗಿಡಬೇಕು, ಮುಹಮ್ಮದ್ ಅಲಿಯಿಂದ ಕಿತ್ತುಕೊಂಡ ಬಾಕ್ಸಿಂಗ್ ಪಟ್ಟ ಮರಳಿಸಬೇಕು, ಕಪ್ಪು ತರಬೇತುದಾರರನ್ನು ಹೆಚ್ಚಿಸಬೇಕು, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಕೆಳಗಿಳಿಯಬೇಕು.

1968ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಆಹ್ವಾನ ರದ್ದಾಯಿತು. ಬಹಿಷ್ಕಾರದ ಕಾವೂ ಇಳಿಯಿತು. ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಒಲಿಂಪಿಕ್ಸ್ ಬಿಟ್ಟುಬಿಡಿ ಎನ್ನುವುದು ಸಣ್ಣ ಮಾತೇನಲ್ಲ. ಒಮ್ಮತ ಮೂಡಲಿಲ್ಲ. ಹೋಗೋಣ, ಅಲ್ಲಿ ಅವರವರಿಗೆ ತೋಚಿದಂತೆ ಪ್ರತಿಭಟಿಸೋಣ ಎಂದಾಯಿತು.

ಅಕ್ಟೋಬರ್ 16ರಂದು 200 ಮೀಟರ್ ಫೈನಲ್. ಸ್ಮಿತ್ 19.83 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು; ಕಾರ್ಲೋಸ್‌ಗೆ ಕಂಚು. ಇಬ್ಬರೂ ಬೂಟು ಕಳಚಿ ಕಪ್ಪು ಕಾಲುಚೀಲದಲ್ಲೇ ವೇದಿಕೆ ಹತ್ತಿದರು, ಅದು ಕಪ್ಪು ಜನರ ಬಡತನದ ಗುರುತು. ಕಾರ್ಲೋಸ್ ಕೊರಳಿನ ಮಣಿಸರ ಗುಂಪುಹತ್ಯೆಗೆ ಬಲಿಯಾದವರಿಗಾಗಿ. ಕೈಗವಸು ಇದ್ದದ್ದು ಒಂದೇ ಜೊತೆ. ಹಂಚಿಕೊಳ್ಳಿ ಎಂದವರು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ ಓಟಗಾರ ಪೀಟರ್ ನಾರ್ಮನ್. ಹಾಗಾಗಿಯೇ ಫೋಟೊದಲ್ಲಿ ಸ್ಮಿತ್ ಎತ್ತಿದ್ದು ಬಲಗೈ, ಕಾರ್ಲೋಸ್ ಎಡಗೈ. ನಾರ್ಮನ್ ಎದೆಯನ್ನೂ ನೋಡಿ, ಎಡ್ವರ್ಡ್ಸ್ ಕಟ್ಟಿದ ಸಂಘಟನೆಯ ಬ್ಯಾಡ್ಜ್ ಅಲ್ಲಿಯೂ ಇದೆ.

ಪದಕ ಕಸಿದುಕೊಂಡರು ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಇಬ್ಬರನ್ನೂ ತಂಡದಿಂದ ಅಮಾನತು ಮಾಡಿ ಕ್ರೀಡಾಗ್ರಾಮದಿಂದ ಹೊರಹಾಕಲಾಯಿತು. ಕ್ರೀಡೆಗೆ ರಾಜಕೀಯ ಬೇಡ ಎಂಬುದು ಬ್ರಂಡೇಜ್ ವಾದ. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಅಮೆರಿಕ ಒಲಿಂಪಿಕ್ ಸಮಿತಿಯ ಮುಖ್ಯಸ್ಥರೂ ಇವರೇ. ಅಲ್ಲಿನ ನಾಜಿ ಸೆಲ್ಯೂಟ್ ಇವರಿಗೆ ರಾಜಕೀಯ ಅನ್ನಿಸಿರಲಿಲ್ಲ! ಈ ಹೋಲಿಕೆಯನ್ನು ಉತ್ತರದಲ್ಲಿ ಬಿಡಬೇಡಿ.

ನಾರ್ಮನ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಆಯ್ಕೆಯಾಗದಿರಲು ಅವರು ಕೊಟ್ಟ ಈ ಬೆಂಬಲವೇ ಕಾರಣವೇ ಎಂಬುದು ಇನ್ನೂ ವಿವಾದ, ಖಚಿತವೆಂಬಂತೆ ಬರೆಯಬೇಡಿ. ಅವರು ತೀರಿಕೊಂಡದ್ದು 2006ರಲ್ಲಿ, ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್, ಕಾರ್ಲೋಸ್ ಇದ್ದರು. ಆಸ್ಟ್ರೇಲಿಯಾದ ಸಂಸತ್ತು ನಾರ್ಮನ್ ಅವರ ಕ್ಷಮೆ ಕೇಳಿದ್ದು 2012ರಲ್ಲಿ.

ಇಂದಿನ ಸ್ಥಿತಿಗೆ, ಒಲಿಂಪಿಕ್ ತಾಣಗಳಲ್ಲಿ ರಾಜಕೀಯ ಪ್ರದರ್ಶನ ಬೇಡ ಎನ್ನುವ ಒಲಿಂಪಿಕ್ ಸನ್ನದಿನ 50ನೇ ನಿಯಮ ಓದಿಕೊಳ್ಳಿ. 2021ರ ಟೋಕಿಯೊ ಕ್ರೀಡಾಕೂಟಕ್ಕೆ ಅದನ್ನು ತುಸು ಸಡಿಲಿಸಿದರು: ಸ್ಪರ್ಧೆ ಶುರುವಾಗುವ ಮೊದಲು ಮಂಡಿಯೂರಿ ಪ್ರತಿಭಟಿಸಬಹುದು, ಪದಕ ವೇದಿಕೆಯ ಮೇಲೆ ಮಾತ್ರ ಕೂಡದು.