ಡೋಪಮೈನ್ ಎಂದರೆ ಸುಖವಲ್ಲ: ಪ್ರೀತಿಯ ಪಾಠಕ್ಕೊಂದು ಟಿಪ್ಪಣಿ

ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಪಕ್ಕ ಕುಳಿತು ‘ಪ್ರೀತಿಸಿದಾಗ ಮಿದುಳಿನಲ್ಲಿ ಏನಾಗುತ್ತದೆ?’ ಎಂಬ ಪ್ರಶ್ನೆಗೆ ಬರೆದ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುವಾಗ ಗಮನಿಸಿದೆ: ‘ಪ್ರೀತಿಸಿದಾಗ ಡೋಪಮೈನ್ ಹೆಚ್ಚುತ್ತದೆ, ಅದು ಸುಖ ಕೊಡುತ್ತದೆ’ ಎಂದೇ ಎಲ್ಲರೂ ಬರೆದಿದ್ದೆವು. ನನ್ನದರಲ್ಲೂ ಅದೇ ವಾಕ್ಯ. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ಈ ರಾಸಾಯನಿಕ ಸುಖಕ್ಕಿಂತ ಹೆಚ್ಚಾಗಿ ‘ಬೇಕು’ ಎಂಬ ತುಡಿತವನ್ನು ಹುಟ್ಟಿಸುತ್ತದೆ. ಇದು ತಲೆಗೆ ಹೋದರೆ ಅರ್ಧ ಪಾಠ ಮುಗಿದಂತೆ.

ಮೊದಲು 2005ರ ಪ್ರಯೋಗ ನೋಡಿ. ಆರ್ಥರ್ ಆರನ್, ಹೆಲೆನ್ ಫಿಶರ್, ಲೂಸಿ ಬ್ರೌನ್ ಮತ್ತು ಸಂಗಡಿಗರು ಪ್ರೀತಿಯಲ್ಲಿ ಮುಳುಗಿದ್ದ 17 ಮಂದಿಯನ್ನು ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಒಮ್ಮೆ ಪ್ರಿಯರ ಫೋಟೊ, ಒಮ್ಮೆ ಬರೀ ಪರಿಚಯದವರ ಫೋಟೊ ತೋರಿಸಿದರು. ನಡುವೆ ದೊಡ್ಡ ಸಂಖ್ಯೆಯೊಂದರಿಂದ ಏಳೇಳು ಕಳೆಯುತ್ತಾ ಹಿಂದಕ್ಕೆ ಎಣಿಸಬೇಕಿತ್ತು. ಪ್ರೀತಿಗೂ ಲೆಕ್ಕಕ್ಕೂ ಏನು ನಂಟು? ಫೋಟೊ ತೆಗೆದರೂ ಮನಸ್ಸು ಅಲ್ಲೇ ತಂಗಿರುತ್ತದೆ. ಅದನ್ನು ಕಿತ್ತು ತರಲು ಈ ಉಪಾಯ. 4673, 4666, 4659… ಮಾಡಿ ನೋಡಿ, ಯಾರ ನೆನಪೂ ನಿಲ್ಲುವುದಿಲ್ಲ.

ಪ್ರಿಯರ ಮುಖ ಕಂಡಾಗ ಚುರುಕಾದದ್ದು ನಡುಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಏರಿಯಾ ಮತ್ತು ಮಿದುಳಿನ ಆಳದಲ್ಲಿರುವ ಕಾಡೇಟ್ ಎಂಬ ಭಾಗ. ಮೊದಲನೆಯದು ಡೋಪಮೈನ್ ತಯಾರಿಸುವ ನರಕೋಶಗಳ ತವರು. ಕೊಕೇನ್ ಚಟ ಹಿಡಿಸುವುದೂ ಇದೇ ಜಾಲದ ಮೂಲಕ. ಹಾಗಾಗಿ ಫಿಶರ್ ಪ್ರೇಮವನ್ನು ಬರೀ ಭಾವನೆ ಎನ್ನದೆ, ಹಸಿವು ಬಾಯಾರಿಕೆಗಳ ಸಾಲಿನಲ್ಲಿ ಕೂರಿಸಿದರು.

ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಪ್ರಯೋಗಕ್ಕೆ ಬಳಸಿದ ಕೋತಿಗಳೂ ಇಲ್ಲಿಗೆ ಬೇಕು. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ಕೋಶಗಳು ಮಿಡಿದವು. ರಸಕ್ಕೆ ಮುನ್ನ ಒಂದು ಸೂಚನೆ ಬರುತ್ತದೆಂದು ಕಲಿತ ಮೇಲೆ ಮಿಡಿತ ಸೂಚನೆಗೇ ಜಾರಿತು. ರಸ ಬಾರದಿದ್ದರೆ ಆ ಹೊತ್ತಿಗೆ ಕುಸಿಯಿತು.

ಶಾಂತಿನಗರದ ಬಸ್ ನಿಲ್ದಾಣದಲ್ಲಿ ಗೆಳತಿಯೊಬ್ಬಳ ಮೊಬೈಲ್ ಟಿಣ್ ಎಂದಿತು. ಮುಖ ಅರಳಿತು. ತೆರೆದರೆ ಗ್ಯಾಸ್ ಸಿಲಿಂಡರ್ ಬುಕಿಂಗಿನ ಸಂದೇಶ! ಅರಳಿದ್ದು ಸದ್ದಿಗೆ, ಬಾಡಿದ್ದು ಸಿಲಿಂಡರಿಗೆ. ಶುಲ್ಟ್ಸ್ ಪಾಠ ನನಗೆ ಮರೆಯದಿರುವುದು ಇದರಿಂದಲೇ. (ಅವಳಿಗೆ ಹೇಳಲಿಲ್ಲ, ಕೋತಿಯ ಉದಾಹರಣೆ ಬೇರೆ.)

ಮಿದುಳಿನ ಇನ್ನೊಂದು ಸಂದೇಶವಾಹಕ ಸೆರೊಟೋನಿನ್ ಬಗ್ಗೆ ಎರಡೇ ಮಾತು. 1999ರ ಇಟಲಿಯ ಅಧ್ಯಯನದಲ್ಲಿ ಹೊಸ ಪ್ರೇಮಿಗಳಲ್ಲಿ ಸೆರೊಟೋನಿನ್ ಸಾಗಿಸುವ ಪ್ರೋಟೀನಿನ ಪ್ರಮಾಣ ಗೀಳುರೋಗಿಗಳದ್ದನ್ನು ಹೋಲಿತ್ತು, ನಿಜ. ಆದರೆ ಅಳೆದದ್ದು ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ, ಮಿದುಳಿನಲ್ಲಲ್ಲ.

ಇನ್ನು ಆಕ್ಸಿಟೋಸಿನ್. ‘ಪ್ರೀತಿಯ ಹಾರ್ಮೋನ್’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಜೋಡಿಯಾಗಿ ಬಾಳುವ ಪ್ರೇರಿ ವೋಲ್ ಎಂಬ ಇಲಿಯಂಥ ಪ್ರಾಣಿಗಳಿಂದ ಈ ಬಿರುದಿಗೆ ಬಲ ಬಂದಿತ್ತು. 2023ರಲ್ಲಿ ಜೀನ್ ತಿದ್ದಿ ಆಕ್ಸಿಟೋಸಿನ್ನಿನ ಸಂದೇಶ ಹಿಡಿಯುವ ಗ್ರಾಹಕವನ್ನೇ (ರಿಸೆಪ್ಟರ್) ಇಲ್ಲವಾಗಿಸಿದರೂ ಆ ವೋಲ್‌ಗಳು ಜೋಡಿ ಕಟ್ಟಿಕೊಂಡವು.