ಸಂಜೆ ಪ್ರಾರ್ಥನೆಯ ಗಾಯನದಲ್ಲಿ ಆರ್ಗನ್‌ನ ಕೆಲಸವೇನು?

ಪ್ರಶ್ನೆ: ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳ ಸಂಜೆ ಪ್ರಾರ್ಥನೆಯಲ್ಲಿ ಗಾಯಕವೃಂದದೊಂದಿಗೆ ಆರ್ಗನ್ ನುಡಿಸುವುದೇಕೆ? ನಮ್ಮ ತಂಬೂರಿಯಂತೆ ಶ್ರುತಿ ಹಿಡಿಯುವುದಕ್ಕಷ್ಟೇ ಅಲ್ಲವೇ?

ಉತ್ತರ: ಶ್ರುತಿಗೆ ಆಸರೆಯಾಗುವುದು ನಿಜ, ಆದರೆ ಒಳ್ಳೆಯ ಕೃತಿಗಳಲ್ಲಿ ಅದು ಆರ್ಗನ್‌ನ ಕೆಲಸದ ಸಣ್ಣ ಪಾಲು. ಆಂಗ್ಲಿಕನ್ ಸಭೆಯ ಈ ಆರಾಧನೆಯ ಮೂಲರೂಪ 1549ರ ಪ್ರಾರ್ಥನಾ ಪುಸ್ತಕದಲ್ಲಿದೆ. ವೆಸ್ಪರ್ಸ್ ಮತ್ತು ಕಂಪ್ಲಿನ್ ಎಂಬ ಹಳೆಯ ಆರಾಧನೆಗಳನ್ನು ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಒಂದುಗೂಡಿಸಿದಾಗ, ಮೊದಲನೆಯದರಿಂದ ಮರಿಯಳ ಸ್ತುತಿಗೀತೆಯಾದ ಮ್ಯಾಗ್ನಿಫಿಕಾಟ್, ಎರಡನೆಯದರಿಂದ ವೃದ್ಧ ಸಿಮೆಯೋನನ ಹಾಡಾದ ನುಂಕ್ ಡಿಮಿಟ್ಟಿಸ್ ಇದರೊಳಗೆ ಬಂದವು. ಎರಡೂ ಲೂಕನ ಸುವಾರ್ತೆಯವು. ಹಳೆ ಒಡಂಬಡಿಕೆಯ ವಾಚನದ ಬಳಿಕ ಮೊದಲನೆಯದನ್ನೂ ಹೊಸ ಒಡಂಬಡಿಕೆಯ ವಾಚನದ ಬಳಿಕ ಎರಡನೆಯದನ್ನೂ ಹಾಡುತ್ತಾರೆ. ಸಾಹಿತ್ಯ ಬದಲಾಗುವಂತಿಲ್ಲವಾದ್ದರಿಂದ, ಯಾವ ಸಾಲನ್ನು ಯಾರು ಹಾಡಬೇಕು, ಆಗ ಆರ್ಗನ್ ಏನು ಮಾಡಬೇಕು ಎಂಬುದರಲ್ಲೇ ಸಂಗೀತಕಾರನ ಸ್ವಾತಂತ್ರ್ಯ ಉಳಿದಿದೆ.

ಡಬ್ಲಿನ್‌ನಲ್ಲಿ ಹುಟ್ಟಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಆರ್ಗನ್ ವಾದಕರಾಗಿದ್ದ ಸಂಗೀತಕಾರ ಚಾರ್ಲ್ಸ್ ಸ್ಟ್ಯಾನ್‌ಫರ್ಡ್ ಈ ಎರಡು ಹಾಡುಗಳಿಗೆ ಜಿ ಮೇಜರ್ ಸ್ವರಶ್ರೇಣಿಯಲ್ಲಿ ಹೊಂದಿಸಿದ ಕೃತಿಯನ್ನೇ ಗಮನಿಸಿ. ಮ್ಯಾಗ್ನಿಫಿಕಾಟ್‌ನ ಆರಂಭದಲ್ಲಿ ಆರ್ಗನ್‌ನ ಸಣ್ಣ ಸ್ವರಗಳು ಬಿಡುವಿಲ್ಲದೆ ಸುತ್ತತೊಡಗುತ್ತವೆ. ಅವುಗಳ ಮೇಲೆ ಟ್ರೆಬಲ್ ಎಂಬ ಎತ್ತರದ ಎಳೆಯ ದನಿಯೊಂದು ಒಂಟಿಯಾಗಿ ಹಾಡುತ್ತದೆ. ನೂಲುತ್ತ ಕುಳಿತ ಎಳೆಯ ಮರಿಯಳನ್ನು ಕೇಳುಗರು ಇಲ್ಲಿ ಕಂಡುಕೊಂಡಿರುವುದು ಸಹಜವೇ, ಏಕೆಂದರೆ ರಾಟೆಯ ಸದ್ದು ಆರ್ಗನ್‌ನಲ್ಲಿಯೇ ಇದೆ. ನುಂಕ್ ಡಿಮಿಟ್ಟಿಸ್‌ನಲ್ಲಿ ಆ ಓಟವೆಲ್ಲ ನಿಂತು, ಸಿಮೆಯೋನನ ಮಾತು ಬೇಸ್ ಗಾಯಕನ ತಗ್ಗುದನಿಗೆ ಸೇರುತ್ತದೆ.

ತಾಲೀಮಿನಲ್ಲಿ ಪಿಯಾನೋ ಸಾಕಾಗುತ್ತದೆ, ಆರಾಧನೆಯಲ್ಲಿ ಸಾಲದು. ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಆರ್ಗನ್‌ನದು ಬೆರಳು ಎತ್ತುವವರೆಗೂ ನಿಲ್ಲುತ್ತದೆ. ಬೆರಳಿನ ಒತ್ತಡದಿಂದ ಅದರ ದನಿ ಹೆಚ್ಚುವುದಿಲ್ಲ, ತಗ್ಗುವುದೂ ಇಲ್ಲ. ಆದ್ದರಿಂದ ದನಿಯನ್ನು ಏರಿಳಿಸಲು, ಸ್ವರ ಹೊರಡಿಸುವ ಕೆಲವು ಪೈಪುಗಳನ್ನು ಮರದ ದೊಡ್ಡ ಪೆಟ್ಟಿಗೆಯೊಳಗಿಟ್ಟು, ಅದರ ಅಡ್ಡಪಟ್ಟಿಗಳನ್ನು ಪಾದದಿಂದ ತೆರೆದು ಮುಚ್ಚುವ ಏರ್ಪಾಡು ಮಾಡಿರುತ್ತಾರೆ. ಕೈಗಳು ಸ್ವರಗಳಲ್ಲಿ ಮುಳುಗಿರುವಾಗ ಗಾಯಕರ ದನಿಯನ್ನು ನುಂಗದಂತೆ ಈ ಪೆಟ್ಟಿಗೆಯನ್ನು ನಿಭಾಯಿಸುವುದೇ, ನನ್ನ ಮಟ್ಟಿಗೆ, ವಾದಕನ ನಿಜವಾದ ಪರೀಕ್ಷೆ. ಎಷ್ಟೋ ಕಡೆ ವಾದಕ ಗಾಯಕರಿಂದ ದೂರ ಕುಳಿತು, ನಿರ್ದೇಶಕನ ಕೈಯನ್ನು ಕನ್ನಡಿಯಲ್ಲೋ ಪುಟ್ಟ ಪರದೆಯಲ್ಲೋ ನೋಡಿ ನುಡಿಸಬೇಕಾಗುತ್ತದೆ.

ಕಟ್ಟಡವೂ ಕೃತಿಯನ್ನು ರೂಪಿಸಬಲ್ಲದು. ಸ್ಟ್ಯಾನ್‌ಫರ್ಡ್ ಅವರ ಶಿಷ್ಯ ಹರ್ಬರ್ಟ್ ಹೌವೆಲ್ಸ್ 1951ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ಗಾಗಿ ಇದೇ ಎರಡು ಹಾಡುಗಳಿಗೆ ಸಂಗೀತ ಬರೆಯುವಾಗ, ಅಲ್ಲಿನ ಗುಮ್ಮಟದಡಿಯ ದೀರ್ಘ ಪ್ರತಿಧ್ವನಿಯಲ್ಲಿ ಸ್ವರಮೇಳಗಳು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಒಂದರ ಮೇಲೊಂದು ಬಿದ್ದು ಕಲಸಿಹೋಗದಂತೆ ಅವುಗಳ ಬದಲಾವಣೆಯನ್ನು ನಿಧಾನಗೊಳಿಸಿದರು.