ಚೊಗರು ಹಿಡಿದ ಕೆನ್ನೆ

ಕಳೆದ ಚೌತಿಗೆ ನಮ್ಮ ಸೋದರಮಾವ ಶಂಖ ಊದಲಿಲ್ಲ. ಶಿರಸಿಯ ಹತ್ತಿರದ ಆ ಮನೆಯಲ್ಲಿ ಮಂಗಳಾರತಿಯ ಹೊತ್ತಿಗೆ ಶಂಖ ಹಿಡಿಯುವ ಹಕ್ಕು ಅವರದೇ. ಈ ಸಲವೂ ತುಟಿಗೆ ಇಟ್ಟುಕೊಂಡರು. ಕೆನ್ನೆ ಉಬ್ಬಲಿಲ್ಲ, ಗಾಳಿ ಪಕ್ಕದಿಂದ ಫುಸ್ಸೆಂದು ಹೋಯಿತು. ನಕ್ಕು ಮಗನ ಕೈಗೆ ಕೊಟ್ಟರು. ಊಟಕ್ಕೆ ಕುಳಿತಾಗ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಾಳೆ ಎಲೆಯ ತುದಿಗೆ ಸರಿಸಿದರು. ಅಪ್ಪೆಮಿಡಿ ಬೇಡವೆನ್ನುವ ಹವ್ಯಕರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಖಾರ ತಡೆಯುವುದಿಲ್ಲ ತಮಾ, ಪಿತ್ತ" ಎಂದರು. ಜಗುಲಿಗೆ ಬಂದು ಎಂದಿನಂತೆ ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆ ಎಳೆದುಕೊಂಡರು.

ಪಿತ್ತವಂತೆ! ಖಾರ ತಡೆಯದಿರುವುದು, ಕೆನ್ನೆ ಉಬ್ಬಿಸಲಾಗದಿರುವುದು, ಬಾಯಿ ಪೂರ್ತಿ ತೆರೆಯದಿರುವುದು, ಈ ಮೂರೂ ಒಟ್ಟಿಗೆ ಕಂಡರೆ ದಂತವೈದ್ಯರು ಮೊದಲು ಕೇಳುವುದು ಅಡಿಕೆಯ ಬಗ್ಗೆ. ಮಾವನನ್ನು ಕೇಳಿದರೆ ನಮ್ಮ ಸೀಮೆಯಲ್ಲಿ ಎಲ್ಲರೂ ಹೇಳುವ ಉತ್ತರವನ್ನೇ ಹೇಳುತ್ತಾರೆ: "ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಎಲೆ-ಅಡಿಕೆ." ಬಾಯಿ ಕ್ಯಾನ್ಸರ್ ಎಂದರೆ ತಂಬಾಕು, ಅಡಿಕೆ ನಿರಪರಾಧಿ ಎಂಬ ಈ ತೀರ್ಪು ತೋಟದವರ ಜಗುಲಿಯಲ್ಲಿ ಆಗಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ಪುರಾವೆಗಳನ್ನೆಲ್ಲ ತೂಗಿ, ತಂಬಾಕಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು, ಅದರಲ್ಲಿ ತಕರಾರಿಲ್ಲ. ನಾನು ಓದಿದ್ದೂ ಅಡಿಕೆಯ ದುಡ್ಡಿನಲ್ಲೇ ಆದ್ದರಿಂದ ಇದನ್ನು ಬರೆಯುವಾಗ ಕೈ ಸ್ವಲ್ಪ ತಡವರಿಸುತ್ತದೆ. ಆದರೆ ಮಾವನ ಕೆನ್ನೆಯೊಳಗೆ ನಡೆದಿರುವುದು ಎಷ್ಟು ಸ್ವಾರಸ್ಯದ ಸಂಗತಿಯೆಂದರೆ, ಬರೆಯದೆ ಇರಲೂ ಆಗುವುದಿಲ್ಲ.

ಕೆಂಪಡಿಕೆ ಮಾಡುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿದವರ ಬೆರಳು ಕಪ್ಪಾಗುತ್ತದೆ, ಎಷ್ಟು ತೊಳೆದರೂ ವಾರಗಟ್ಟಲೆ ಹೋಗುವುದಿಲ್ಲ. ಸುಲಿದ ಅಡಿಕೆ ಹಂಡೆಯಲ್ಲಿ ಬೇಯುವಾಗ ನೀರು ಕೆಂಪಗೆ ದಪ್ಪವಾಗಿ ಚೊಗರಾಗುತ್ತದೆ. ಚೊಗರಿನಲ್ಲಿರುವುದು ಟ್ಯಾನಿನ್. ಚರ್ಮ ಹದ ಮಾಡುವವರು ಮರದ ತೊಗಟೆಯಿಂದ ತೆಗೆದು ಬಳಸುತ್ತಿದ್ದುದೂ ಟ್ಯಾನಿನ್‌ಗಳನ್ನೇ. ಕೊಳೆತು ಹೋಗಬೇಕಾದ ತೊಗಲು ಟ್ಯಾನಿನ್ ಕುಡಿದು ವರ್ಷಗಟ್ಟಲೆ ಬಾಳುವ ಚಪ್ಪಲಿಯಾಗುತ್ತದೆ. ಕೆನ್ನೆಯ ಒಳಪದರವೂ ತೊಗಲೇ ತಾನೆ.

ಆ ಪದರದ ಕೆಳಗೆ ಕೊಲಾಜೆನ್ ಎಂಬ ಪ್ರೊಟೀನಿನ ನಾರುಗಳಿವೆ. ಕರಾವಳಿಯಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ಲ, ಕೊಲಾಜೆನ್ ಕೂಡ ಮೂರೆಳೆಯ ಹುರಿ. ಆರೋಗ್ಯವಂತ ಬಾಯಿಯಲ್ಲಿ ಈ ಹಗ್ಗವನ್ನು ಹೊಸೆಯುವ ಕೋಶಗಳೂ ಇವೆ, ಹಳೆಯದನ್ನು ಕತ್ತರಿಸಿ ಹಾಕುವ ಕಿಣ್ವಗಳೂ ಇವೆ. ಎರಡೂ ಸಮಸಮ ನಡೆಯುವುದರಿಂದ ಕೆನ್ನೆ ಮೆತ್ತಗಿರುತ್ತದೆ. ಅಡಿಕೆಯ ಅರೆಕೊಲಿನ್ ಎಂಬ ಸಸ್ಯಕ್ಷಾರ (ಆಲ್ಕಲಾಯ್ಡ್) ಹೊಸೆಯುವವರಿಗೆ ಚುರುಕು ಮುಟ್ಟಿಸುತ್ತದೆ, ಹಗ್ಗ ರಾಶಿ ಬೀಳುತ್ತದೆ. ಟ್ಯಾನಿನ್ ಹಗ್ಗಕ್ಕೆ ಅಂಟಿಕೊಂಡು ಕತ್ತರಿಯ ಬಾಯಿ ಮೊಂಡು ಮಾಡುತ್ತದೆ. ಇಷ್ಟು ಸಾಲದೆಂಬಂತೆ ಮೂರನೆಯದೊಂದು ಇದೆ. ಕಾರವಾರದ ಬೈತಖೋಲದಲ್ಲಿ ಮೀನುಗಾರರು ಬಲೆ ರಿಪೇರಿ ಮಾಡುವಾಗ ದಾರಕ್ಕೆ ದಾರ ಗಂಟು ಹಾಕುವಂತೆ, ಕೊಲಾಜೆನ್ ಎಳೆಗಳ ನಡುವೆ ಗಂಟು ಹಾಕುವ ಕಿಣ್ವವೊಂದಿದೆ, ಹೆಸರು ಲೈಸಿಲ್ ಆಕ್ಸಿಡೇಸ್. ಅದು ಕೆಲಸ ಮಾಡಬೇಕಾದರೆ ತಾಮ್ರ ಬೇಕು. ಅಡಿಕೆಯಲ್ಲಿ ನಾವು ತಿನ್ನುವ ಬೇರೆ ಬೀಜಗಳಿಗಿಂತ ತಾಮ್ರ ಹೆಚ್ಚು.

ತಾಮ್ರ ಎಂದ ಕೂಡಲೇ ತೋಟದವರಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನೆನಪಾಗುತ್ತದೆ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲಿ ಎಂದು ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ಎರಚಿದ ಬಳ್ಳಿಗೆ ಬೂಷ್ಟು ಹಿಡಿಯದ್ದನ್ನು ಗಮನಿಸಿದವರು ಸಸ್ಯವಿಜ್ಞಾನಿ ಮಿಯಾರ್ದೆ. ಅದೇ ದ್ರಾವಣವನ್ನು ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ತಂದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ. ಮಳೆಗಾಲಕ್ಕೆ ಮುಂಚೆ ಅಡಿಕೆ ಮರ ಹತ್ತುವ ಕೊನೆಗೌಡ ಮರದಿಂದ ಮರಕ್ಕೆ ಜೀಕುತ್ತ ಔಷಧಿ ಹೊಡೆಯುವುದರ ಹಿಂದೆ ದ್ರಾಕ್ಷಿ ಕಳ್ಳರಿದ್ದಾರೆ! ಇದನ್ನು ಓದಿ, ಹಾಗಾದರೆ ಬಾಯಿಯ ರೋಗ ಔಷಧಿ ಹೊಡೆದದ್ದರಿಂದ ಎಂದು ಯಾರೂ ಹೊರಡಬೇಡಿ. ಅರೆಕೊಲಿನ್, ಟ್ಯಾನಿನ್, ತಾಮ್ರ ಮೂರೂ ಸೇರಿ ಮಾಡುವ ಕೆಲಸದ ಮಾತಿದು.

ಹಗ್ಗ ಹೆಚ್ಚಿತು, ಕತ್ತರಿ ಮೊಂಡಾಯಿತು, ಗಂಟು ಬಿತ್ತು. ಮಾವನ ಕೆನ್ನೆ ಶಂಖಕ್ಕೆ ಉಬ್ಬದಿರುವುದು ಇದರಿಂದ. ಮೇಲಿನ ಚರ್ಮ ತೆಳುವಾಗಿ ಬಿಳಿಚಿಕೊಳ್ಳುವುದರಿಂದ ಅಪ್ಪೆಮಿಡಿ ಉರಿಯುತ್ತದೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಇದನ್ನು ಕಂಡು, ಕಾರಣ ತಿಳಿಯದ ರೋಗವೆಂದು ದಾಖಲಿಸಿದರು. ಮರುವರ್ಷ ಮುಂಬಯಿಯಲ್ಲಿ ಎಸ್. ಜಿ. ಜೋಶಿ ಈಗ ಬಳಕೆಯಲ್ಲಿರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರು ಕೊಟ್ಟರು. ಇದು ಕ್ಯಾನ್ಸರ್ ಅಲ್ಲ. ಆದರೆ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷ ಹಿಂಬಾಲಿಸಿದಾಗ ಐವರಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಉಳಿದ 61 ಜನರನ್ನು ತೋರಿಸಿ ವಾದ ಮಾಡುವವರು ನಮ್ಮಲ್ಲಿ ಧಾರಾಳ ಇದ್ದಾರೆ. ಹದಿಮೂರರಲ್ಲಿ ಒಂದು ತೆಂಗಿನಮರ ಬೀಳುತ್ತದೆಂದು ಗೊತ್ತಿದ್ದರೆ ಆ ತೋಪಿನಲ್ಲಿ ಅವರು ಚಾಪೆ ಹಾಸಿ ಮಲಗುತ್ತಾರೆಯೇ?

ಕ್ಯಾನ್ಸರ್ ಎಂದರೆ ಎಲ್ಲಿಂದಲೋ ಬಂದು ಕೂತ ಒಂದು ಗಡ್ಡೆ ಎಂಬ ಚಿತ್ರವೇ ತಪ್ಪು. 1953ರಲ್ಲಿ ಸ್ಲಾಟರ್ ಮತ್ತು ಜೊತೆಗಾರರು 783 ಬಾಯಿ ಕ್ಯಾನ್ಸರ್ ರೋಗಿಗಳ ಮಾದರಿಗಳನ್ನು ಪರೀಕ್ಷಿಸಿ, ಗಡ್ಡೆಯ ಸುತ್ತ ಕಣ್ಣಿಗೆ ಚೆನ್ನಾಗಿಯೇ ಕಾಣುವ ಜಾಗವೂ ಸೂಕ್ಷ್ಮದರ್ಶಕದಡಿ ಕೆಟ್ಟಿರುವುದನ್ನು ತೋರಿಸಿದರು. ಒಂದು ಗಿಡವಲ್ಲ, ಇಡೀ ಗದ್ದೆಯೇ ಕೆಟ್ಟಿತ್ತು. ಕೋಶಗಳಿಗೆ ಕಾಲಡಿಯ ನೆಲ ಮೆತ್ತಗಿದೆಯೋ ಗಟ್ಟಿಯಿದೆಯೋ ತಿಳಿಯುತ್ತದೆ. ನೆಲ ಗಟ್ಟಿಯಾದರೆ ಯಾಪ್ ಎಂಬ ಪ್ರೊಟೀನು ಕೋಶಕೇಂದ್ರಕ್ಕೆ ನುಗ್ಗಿ ವಿಭಜನೆಗೆ ಕುಮ್ಮಕ್ಕು ಕೊಡುತ್ತದೆ. ಜೊತೆಗೆ ಅಡಿಕೆಗೆ ಸುಣ್ಣ ತಗುಲಿದಾಗ ಹುಟ್ಟುವ ಉಗ್ರ ಆಮ್ಲಜನಕ ಕಣಗಳು ಡಿಎನ್‌ಎಯನ್ನು ಗೀರುತ್ತವೆ. ಎಲ್ಲಿ ಗೀರಿವೆ ಎಂದು ಹುಡುಕುವುದು ಸಂಶೋಧನಾ ತಂಡಗಳ ಕೆಲಸ.

ನಮ್ಮ ದೇಶದ್ದೇ ಒಂದು ತಂಡ ಅದನ್ನು ಮಾಡಿದೆ. ಪಶ್ಚಿಮ ಬಂಗಾಳದ ಕಲ್ಯಾಣಿಯ ಜೀನೋಮಿಕ್ಸ್ ಸಂಸ್ಥೆ ಮತ್ತು ಟಾಟಾ ಸ್ಮಾರಕ ಕೇಂದ್ರದ ಖಾರ್‌ಘರ್ ಪ್ರಯೋಗಾಲಯದವರು ಸೇರಿ, ಒಸಡು-ಕೆನ್ನೆಯ ಕ್ಯಾನ್ಸರ್ ಇದ್ದ 110 ರೋಗಿಗಳ ಅಧ್ಯಯನವನ್ನು 2013ರಲ್ಲಿ ಪ್ರಕಟಿಸಿದರು. ವಿಧಾನ ನಮ್ಮವರಿಗೆ ಗೊತ್ತಿರುವುದೇ. ತಹಶೀಲ್ದಾರರ ಕಚೇರಿಯಲ್ಲಿ ಹಳೆಯ ಪಹಣಿ ಮತ್ತು ಹೊಸ ಪಹಣಿ ಪಕ್ಕಪಕ್ಕ ಇಟ್ಟು ಎಲ್ಲಿ ಮ್ಯುಟೇಶನ್ ಆಗಿದೆ ಎಂದು ನೋಡುವುದಿಲ್ಲವೇ? ಇಲ್ಲಿ ಹಳೆಯ ಪಹಣಿ ರೋಗಿಯ ರಕ್ತದ ಡಿಎನ್‌ಎ, ಹೊಸದು ಗಡ್ಡೆಯ ಡಿಎನ್‌ಎ. ರಕ್ತದಲ್ಲಿಲ್ಲದೆ ಗಡ್ಡೆಯಲ್ಲಿ ಮಾತ್ರ ಇರುವ ತಿದ್ದುಪಡಿ ಹುಟ್ಟಿನಿಂದ ಬಂದದ್ದಲ್ಲ, ಆಮೇಲೆ ಆದದ್ದು. ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಟಿಪಿ53, ಕೋಶಕ್ಕೆ ಸಾಯುವ ಆಜ್ಞೆ ಜಾರಿ ಮಾಡುವ ಕ್ಯಾಸ್ಪ್8, ಯಾಪ್‌ಗೆ ಕಡಿವಾಣ ಹಾಕುವ ಫ್ಯಾಟ್1, ಇವೆಲ್ಲ ಮತ್ತೆ ಮತ್ತೆ ಕೆಟ್ಟಿದ್ದವು. ಜೊತೆಗೆ ಯುಎಸ್‌ಪಿ9ಎಕ್ಸ್, ಅರಿಡ್2 ಮುಂತಾದ ಐದು ಹೊಸ ಜೀನುಗಳೂ ಸಿಕ್ಕವು. ನೆಲ ಗಟ್ಟಿಯಾಗಿ ಯಾಪ್ ಕೆರಳಿರುವಾಗ ಅದರ ಕಡಿವಾಣವೂ ಹರಿದರೆ ಏನಾಗಬಹುದೆಂದು ಬೇರೆ ಹೇಳಬೇಕಾಗಿಲ್ಲ.

2017ರಲ್ಲಿ ಅಮೆರಿಕದ ತಂಡವೊಂದು ತಲೆ-ಕುತ್ತಿಗೆ ಕ್ಯಾನ್ಸರಿನ 18 ರೋಗಿಗಳಿಂದ ಸುಮಾರು 6,000 ಕೋಶಗಳನ್ನು ಒಂದೊಂದಾಗಿ ಬಿಡಿಸಿ ಓದಿತು. ಗಡ್ಡೆಯ ನಡುವಿನ ಕೋಶಗಳಿಗಿಂತ ಅಂಚಿನ ಕೋಶಗಳ ನಡತೆಯೇ ಬೇರೆ. ಹಗ್ಗ ಹೊಸೆಯುವ ಕೋಶಗಳ ಪಕ್ಕದಲ್ಲಿರುವ ಅವು ತಮ್ಮ ಜಾತಿಗುಣ ಅರ್ಧ ಬಿಟ್ಟು ಮುಂದಕ್ಕೆ ಜರುಗುವ ಗುಣ ಪಡೆದಿದ್ದವು. ಬೆಟ್ಟದಂಚಿನ ಬೇಲಿ ವರ್ಷಕ್ಕೆ ಒಂದು ಮೊಳ ಮುಂದೆ ಹೋಗುವ ಜಿಲ್ಲೆಯವರಿಗೆ ಇದೇನೂ ಹೊಸತಲ್ಲ.

ಇಷ್ಟನ್ನೂ ನಾನು ಜಗುಲಿಯಲ್ಲಿ ಹೇಳಿದ್ದೇನೆ, ಇನ್ನೂ ಉದ್ದವಾಗಿ. ಪಕ್ಕದ ಮನೆಯವರು ನಡುವೆ ಬಾಯಿ ಹಾಕಿ, ಕ್ಯಾನ್ಸರ್ ಬರುವುದೆಲ್ಲ ಕೈಗಾದ ಅಣುಸ್ಥಾವರದಿಂದ ಎಂದರು. ಹೇಳುವಾಗ ಅವರ ಎಡಗೆನ್ನೆಯಲ್ಲಿ ಕವಳವಿತ್ತು. ಮಾವನ ತಕರಾರು ಬೇರೆ: ಚೂರು ತೆಗೆದು ಪರೀಕ್ಷೆ ಮಾಡಿದರೆ ರೋಗ ಹರಡುತ್ತದೆ, ಮುಟ್ಟದಿದ್ದರೆ ಸುಮ್ಮನಿರುತ್ತದೆ. ಬಯಾಪ್ಸಿಯ ಬಗ್ಗೆ ಇರುವ ಈ ಭಯದಿಂದ ತಡಮಾಡಿದವರಿಗೆ ಆಗುವ ನಷ್ಟ ದೊಡ್ಡದು. ಬಾಯಿಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ನೋಡುವುದರಿಂದ ಸುಮ್ಮನಿದ್ದ ಗಡ್ಡೆ ಎದ್ದು ಕೂರುವುದಿಲ್ಲ. ನೋಡದೆ ಬಿಟ್ಟ ಗಡ್ಡೆ ತಾನಾಗಿಯೇ ಕುತ್ತಿಗೆಯ ಗ್ರಂಥಿಗಳಿಗೆ ಇಳಿಯುತ್ತದೆ.

"ಬೆರಳು ಇಟ್ಟು ನೋಡಿ ಮಾವ" ಎಂದೆ. ತೋರು, ನಡು, ಉಂಗುರದ ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡುವುದು. ನನಗೆ ಮೂರೂ ಹೋದವು. ಅತ್ತೆಗೂ ಹೋದವು, ಕವಳ ಹಾಕದ ಮಗನಿಗೂ ಹೋದವು. ಮಾವನಿಗೆ ಎರಡು ಹೋದವು, ಮೂರನೆಯದು ಹಲ್ಲಿಗೆ ತಾಗಿ ನಿಂತಿತು. ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡು ಸ್ವಲ್ಪ ಹೊತ್ತು ಅಂಗಳದ ಮಳೆ ನೋಡಿದರು. "ಸೋಮವಾರ ಪೇಟೆಗೆ ಹೋಗುವುದಿದೆಯೇ ನಿನಗೆ?" ಎಂದು ಕೇಳಿದರು. ಇದೆ ಎಂದೆ. ತಟ್ಟೆಯಿಂದ ಎಲೆ ತೆಗೆದು, ತೊಟ್ಟು ಮುರಿದು, ನರ ಸೀಳಿ, ಅಡಿಕೆ ಹಾಕದೆ ಮಡಿಚಿ ಬಾಯಿಗೆ ಇಟ್ಟುಕೊಂಡರು.